ಕಾಗದ ಹೇಳುವ ಕೋವಿಯ ಲೆಕ್ಕ

ಕುಂದಾಪುರದಿಂದ ಸಿದ್ದಾಪುರದ ಕಡೆಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ಹೊರಳಿದರೆ, ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಕೋರೆಯೊಂದು ಸಿಗುತ್ತದೆ. ಪರವಾನಗಿ ಇರುವ ಕೃಷಿಕರಿಗೆ ಕೋವಿ ತರಬೇತಿ ನಡೆಯುವ ಜಾಗ ಅದು. ದಾರಿಯ ಬಾಯಲ್ಲೇ ಕೆಂಪು ಬಾವುಟ ಕಟ್ಟಿದ್ದರು.

ಒಳಗೆ ಹೋದರೆ ಮೊದಲು ಮೇಜು. ಪರವಾನಗಿ ಪುಸ್ತಕ, ಕೋವಿಯ ನಂಬರು, ತೋಟೆಗಳ ಲೆಕ್ಕ, ಮೂರೂ ತಾಳೆಯಾದ ಮೇಲೆಯೇ ಮುಂದಿನ ಹೆಜ್ಜೆ. ನೆರಳಿನಲ್ಲಿ ಕೂತವರಲ್ಲಿ ಜಡ್ಕಲ್ ಕಡೆಯವರಿದ್ದರು, ಅಮಾಸೆಬೈಲಿನವರಿದ್ದರು, ಬ್ರಹ್ಮಾವರದ ಒಳನಾಡಿನವರೂ ಇದ್ದರು. ಮಾತೆಲ್ಲ ಎಳನೀರು ಕೆಡವುವ ಮಂಗ, ಗದ್ದೆ ಉತ್ತು ಹಾಕುವ ಹಂದಿ, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಬೇಕಾದ ಕೋವಿಯ ಸುತ್ತ. ಹೆಚ್ಚಿನವರು ಈಡು ಹೊಡೆಯುವುದು ಸದ್ದಿಗಾಗಿ. ಚರೆ ಎಲ್ಲಿಗೆ ಹೋಗಿ ಬೀಳುತ್ತದೆ ಎಂದು ಕೇಳಿದರೆ, "ಅದ್ ಕಂಡದ್ದಿಲ್ಲ" ಎಂದರು ಒಬ್ಬ ಹಿರಿಯರು.

ಅದನ್ನು ಕಾಣಿಸುವುದೇ ಇಲ್ಲಿನ ಕೆಲಸ.

ತರಬೇತಿ ಕೊಡುವವರು ಒಂದು ತೋಟೆಯನ್ನು ನನ್ನ ಅಂಗೈಗಿಟ್ಟರು. ಹನ್ನೆರಡು ಬೋರಿನದು. ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಸಮ ಗುಂಡು ಮಾಡಿದರೆ ಒಂದೊಂದರ ಅಗಲ ಎಷ್ಟೋ ಅಷ್ಟು ನಳಿಗೆಯ ಅಗಲ, ಸುಮಾರು 18.5 ಮಿ.ಮೀ. ಹಿತ್ತಾಳೆಯ ಬುಡದಲ್ಲಿ ‘ಕೆಎಫ್’ ಎಂಬ ಅಚ್ಚು; ಪುಣೆಯ ಖಡ್ಕಿ ಕಾರ್ಖಾನೆಯ ಗುರುತು. ಮೈಮೇಲೆ 6 ಎಂಬ ಅಂಕಿ. ಅಂಕಿ ದೊಡ್ಡದಾದಷ್ಟೂ ಚರೆ ಸಣ್ಣದು. ಬ್ರಿಟಿಷರ ಹಳೆಯ ಲೆಕ್ಕದಲ್ಲಿ ಒಂದು ಔನ್ಸಿಗೆ, ಅಂದರೆ 28 ಗ್ರಾಮಿಗೆ, 6ನೇ ನಂಬರಿನ ಚರೆ 270, 4ನೆಯದು 170. ‘ಎಲ್.ಜಿ.’ ಎಂದರೆ ದೊಡ್ಡ ಗುಂಡು, ಔನ್ಸಿಗೆ ಬೆರಳೆಣಿಕೆಯಷ್ಟೇ.

ಮುಂದೆ ಸುಣ್ಣದ ಗೆರೆ. ಗೆರೆ ದಾಟುವವರೆಗೆ ಕೋವಿ ಮಡಚಿಯೇ ಇರಬೇಕು. "ನಳಿಗಿ ಬಾಯಿ ನೆಲಕ್ಕೇ ಇರ್ಕ್ ಮಾರಾಯ್ರೆ" ಎಂಬ ಎಚ್ಚರಿಕೆ ಮತ್ತೆ ಮತ್ತೆ ಕೇಳುತ್ತಿತ್ತು. ಎದುರಿಗೆ ಬಿದಿರಿನ ಚೌಕಟ್ಟಿಗೆ ಅಂಟಿಸಿದ ದೊಡ್ಡ ಕಾಗದ, ನಡುವೆ ಒಂದು ಚುಕ್ಕಿ. ಅದರ ಹಿಂದೆ ಕೋರೆಯ ಕೆಂಪು ಗೋಡೆ.

ಮೊದಲ ಈಡು 20 ಗಜದಿಂದ. ಕಾಗದದ ನಡುಭಾಗ ಜರಡಿಯಾಗಿತ್ತು. ಆಮೇಲೆ ಹೊಸ ಕಾಗದ ಹಚ್ಚಿ 40 ಗಜಕ್ಕೆ, ಅಂದರೆ ಸುಮಾರು 36.5 ಮೀಟರಿಗೆ ಸರಿದರು. ಜಗತ್ತಿನ ಹಲವೆಡೆ ಕೋವಿಯ ಹರಹು ಅಳೆಯುವುದು ಈ ದೂರದಲ್ಲೇ. ಚರೆ ದಟ್ಟವಾಗಿ ಬಿದ್ದ ಕಡೆ 30 ಇಂಚು ಅಗಲದ ವೃತ್ತ ಎಳೆದು ತೂತು ಎಣಿಸುತ್ತಾರೆ. ಬಾಯಿ ಪೂರ್ತಿ ಬಿಗಿದ ನಳಿಗೆಯಾದರೆ ನೂರಕ್ಕೆ 70 ಚರೆ ವೃತ್ತದೊಳಗೆ, ಬಿಗಿತವೇ ಇಲ್ಲದ್ದಾದರೆ 40ರ ಆಸುಪಾಸು. ಅಮೆರಿಕದಲ್ಲಿ ಟರ್ಕಿ ಕೋಳಿಯ ಬೇಟೆಗೆ ಹೊರಡುವವರು ಇನ್ನೂ ಸಣ್ಣ ವೃತ್ತ ಎಳೆಯುತ್ತಾರೆ, 10 ಇಂಚಿನದು. ಅವರ ಗುರಿ ಹಕ್ಕಿಯ ತಲೆ, ಕುತ್ತಿಗೆ ಮಾತ್ರ.

ನಾನೂ ಕಾಗದದ ಹತ್ತಿರ ಹೋಗಿ ಬಗ್ಗಿ ನೋಡಿದೆ. ತೂತುಗಳೆಲ್ಲ ಚುಕ್ಕಿಯಿಂದ ಎಡಕ್ಕೆ, ಕೆಳಗೆ ಜಾರಿದ್ದವು. ನಡುವೆ ಅಂಗೈಯಗಲದ ಜಾಗ ಪೂರ್ತಿ ಬಿಳಿ, ಒಂದೂ ಚರೆ ತಾಗಿಲ್ಲ. ಹೊಡೆದವರ ಕೈ ಅಲುಗಿತೋ, ಕೋವಿಯೇ ಹಾಗೋ, ನನಗೆ ತಿಳಿಯಲಿಲ್ಲ. ಅದೇ ಜೋಡುನಳಿಗೆ ಕೋವಿಯ ಇನ್ನೊಂದು ನಳಿಗೆಯಿಂದ ಹೊಡೆದಾಗ ಹರಹು ಸ್ಪಷ್ಟವಾಗಿ ಕಿರಿದಾಗಿತ್ತು. ಎರಡು ನಳಿಗೆಯ ಬಿಗಿತ ಬೇರೆ ಬೇರೆ ಇರುವುದು ವಾಡಿಕೆಯಂತೆ. ಕೋವಿಯ ಯಜಮಾನರು ಎರಡೂ ಕಾಗದವನ್ನು ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು.

ನನ್ನನ್ನು ತಟ್ಟಿದ್ದು ಕಾಗದ ದಾಟಿದ ಚರೆಯ ವಿಚಾರ. 6ನೇ ನಂಬರಿನ ಚರೆ ಇನ್ನೂರು ಮೀಟರಿನವರೆಗೆ ಹೋದೀತು, ಎಲ್.ಜಿ. ಗುಂಡು ಅದರ ಮೂರು ಪಟ್ಟಿಗೂ ಹೆಚ್ಚು ದೂರ. ಕೋರೆಯಲ್ಲಿ ತಡೆಯಲು ಕಲ್ಲಿನ ಗೋಡೆ ಇದೆ. ನಮ್ಮ ಊರುಗಳಲ್ಲಿ ತೋಟಕ್ಕೊಂದು ಮನೆ. ಅಡಿಕೆ ಮರಗಳ ಆಚೆ ಯಾರದೋ ಅಂಗಳ, ಶಾಲೆಗೆ ಹೋಗುವ ಕಾಲುದಾರಿ.

ಕೊನೆಗೆ ಖಾಲಿ ತೋಟೆಗಳನ್ನು ಹೆಕ್ಕಿ, ಎಣಿಸಿ, ಪುಸ್ತಕದಲ್ಲಿ ಬರೆದರು. ಬಾವುಟ ಇಳಿಯಿತು.

ಎದುರಿಗಿರುವುದು ಯಾವ ಪ್ರಾಣಿ ಎಂಬುದೂ ಮುಖ್ಯ. ಬೆಳೆ ತಿನ್ನಲು ಬರುವ ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದಕ್ಕೆ ಈಡು ಹೊಡೆಯುವುದು ಅಪರಾಧ. ಸದ್ದಿಗೆಂದೇ ಕೋವಿ ಇಟ್ಟುಕೊಂಡವರೂ ಮುಂದಿನ ತರಬೇತಿಗೆ ಬಂದಾಗ ಒಮ್ಮೆ 20, ಒಮ್ಮೆ 40 ಗಜಕ್ಕೆ ಕಾಗದ ಕಟ್ಟಿಸಿ, ನಿಮ್ಮದೇ ಕೋವಿಯ ಹರಹನ್ನು ಕಣ್ಣಾರೆ ನೋಡಿ.