ಎದುರು ಬರುವವರ ಕಣ್ಣೂ ನಮ್ಮ ಹೊಣೆ

ಬನದ ಹುಣ್ಣಿಮೆಗೆ ಬಾಗಲಕೋಟೆ, ಹುನಗುಂದ, ಇಳಕಲ್ಲಿನ ಕುಟುಂಬಗಳು ಬಾದಾಮಿಯ ಬನಶಂಕರಿ ಜಾತ್ರೆಗೆ ಹೊರಡುತ್ತವೆ. ರಾತ್ರಿ ಅದೇ ದಾರಿಯಲ್ಲಿ ಪಾದಯಾತ್ರಿಗಳು, ಎತ್ತಿನ ಬಂಡಿಗಳು, ಕಬ್ಬಿನ ಟ್ರ್ಯಾಕ್ಟರುಗಳು. ಕಾರಿನ ಬೆಳಕು ಕಣ್ಣಿಗೆ ರಾಚಿದರೆ ಎದುರಿನ ಸವಾರನಿಗೆ ಇವರಾರೂ ಕಾಣರು. ಡಿಮ್ ಮಾಡಿದ ಮೇಲೂ ರಾಚುತ್ತಿದ್ದರೆ ಹೆಡ್‌ಲೈಟು ಮೇಲ್ಮುಖವಾಗಿದೆಯೆಂದು ತಿಳಿಯಬೇಕು.

ಇದನ್ನು ಮನೆಯಂಗಳದಲ್ಲಿಯೇ ಪರೀಕ್ಷಿಸಬಹುದು. ಗಾಲಿಗಳಲ್ಲಿ ತಕ್ಕಷ್ಟು ಗಾಳಿಯಿರಲಿ. ಚಾಲಕರ ಆಸನದಲ್ಲಿ ಒಬ್ಬರು ಕುಳಿತಿರಲಿ. ಮುಸ್ಸಂಜೆ, ಸಮತಟ್ಟಾದ ನೆಲದಲ್ಲಿ, ದೀಪಗಳು ಗೋಡೆಯಿಂದ 5 ಮೀಟರ್ ದೂರವಿರುವಂತೆ ಕಾರನ್ನು ನೇರವಾಗಿ ನಿಲ್ಲಿಸಿರಿ. ದೀಪದ ನಡುಭಾಗದ ಎತ್ತರವನ್ನು ಅಳೆದು, ಅಷ್ಟೇ ಎತ್ತರದಲ್ಲಿ ಗೋಡೆಯ ಮೇಲೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆಯಿರಿ. ಡಿಮ್ ಬೆಳಕಿನ ಮೇಲಂಚು ಈ ಗೆರೆಗಿಂತ ಸುಮಾರು 5 ಸೆಂಟಿಮೀಟರ್ ಕೆಳಗಿರಬೇಕು. ಎಡಕ್ಕೆ ತುಸು ಏರಿದ್ದರೆ ದೋಷವಲ್ಲ. ರಸ್ತೆಯ ಅಂಚನ್ನು ತೋರಿಸಲೆಂದೇ ಆ ಏರು. ವ್ಯತ್ಯಾಸವಿದ್ದರೆ ಬಾನೆಟ್ ತೆರೆದು, ದೀಪದ ಹಿಂದಿರುವ ತಿರುಪನ್ನು ಸ್ವಲ್ಪಸ್ವಲ್ಪವೇ ತಿರುಗಿಸಿರಿ. ಆಗ ಇನ್ನೊಂದು ದೀಪಕ್ಕೆ ಬಟ್ಟೆ ಮುಚ್ಚಿರಲಿ. ಕಾರಿನ ಕೈಪಿಡಿಯಲ್ಲಿ ಬೇರೆ ಅಳತೆಯಿದ್ದರೆ ಅದೇ ಪ್ರಮಾಣ.

ಇನ್ನೊಂದು ಮಾತು. ಹಿಂದಿನ ಆಸನದಲ್ಲಿ ಮೂವರು, ಡಿಕ್ಕಿಯಲ್ಲಿ ರೊಟ್ಟಿ ಬುತ್ತಿಯ ಗಂಟುಗಳು ಸೇರಿದರೆ ಕಾರಿನ ಮೂತಿ ಎತ್ತರಿಸಿ ಬೆಳಕೂ ಮೇಲೇರುತ್ತದೆ. ಸ್ಟೀರಿಂಗಿನ ಬಳಿ 0, 1, 2, 3 ಎಂಬ ಅಂಕಿಗಳ ಗುಂಡಿಯಿದ್ದರೆ, ಭಾರಕ್ಕೆ ತಕ್ಕಂತೆ ಮುಂದಿನ ಅಂಕಿಗೆ ತಿರುಗಿಸಿ ಹೊರಡಿರಿ. ನಮಗೆ ದಾರಿ ತೋರುವ ದೀಪ ಮತ್ತೊಬ್ಬರ ದಾರಿಯನ್ನು ಮರೆಮಾಡದಿರಲಿ.