ಕಿರುಪದದ ಭಾರ: ಇಂಗ್ಲಿಷಿನ ಫ್ರೇಸಲ್ ವರ್ಬ್‌ಗಳು ಮತ್ತು ಫ್ರೆಂಚ್ ಅನುವಾದ

ಝಾಂ-ಪೋಲ್ ವಿನೆ ಮತ್ತು ಝಾಂ ದಾರ್ಬೆಲ್ನೆ ಎಂಬ ಫ್ರಾನ್ಸ್ ಮೂಲದ ಇಬ್ಬರು ವಿದ್ವಾಂಸರು 1958ರಲ್ಲಿ ಫ್ರೆಂಚ್ ಮತ್ತು ಇಂಗ್ಲಿಷ್ ಭಾಷೆಗಳ ತೌಲನಿಕ ಶೈಲಿಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಅನುವಾದ ಅಧ್ಯಯನದಲ್ಲಿ ಇಂದಿಗೂ ಉಲ್ಲೇಖಗೊಳ್ಳುವ ಆ ಗ್ರಂಥ ಸಿದ್ಧಾಂತದಿಂದ ಆರಂಭವಾಗುವುದಿಲ್ಲ. ನ್ಯೂಯಾರ್ಕಿನಿಂದ ಮಾಂಟ್ರಿಯಲ್‌ಗೆ ಹೋಗುವ ಹೆದ್ದಾರಿಯ ಫಲಕಗಳಿಂದ ಆರಂಭವಾಗುತ್ತದೆ. ಗಡಿ ದಾಟುವವರೆಗೆ ಫಲಕಗಳೆಲ್ಲ ಇಂಗ್ಲಿಷಿನಲ್ಲಿ. ದಾಟಿದ ಮೇಲೆ ಇಂಗ್ಲಿಷಿನ ಜೊತೆಗೆ ಫ್ರೆಂಚ್ ಕಾಣಿಸಿಕೊಳ್ಳುತ್ತದೆ. ಆದರೆ ‘ಸ್ಲೋ’ ಎಂಬುದರ ಪಕ್ಕದಲ್ಲಿ ಬರೆದಿರುವುದು ‘ಲಾಂತ್‌ಮಾಂ’, ಅಂದರೆ ‘ನಿಧಾನವಾಗಿ’ ಎಂಬ ಬರಿಯ ಅವ್ಯಯ. ಫ್ರಾನ್ಸಿನ ರಸ್ತೆಯಲ್ಲಿ ಇದೇ ಸಂದರ್ಭದಲ್ಲಿ ‘ರಲಾಂತೀರ್’, ಅಂದರೆ ‘ವೇಗ ತಗ್ಗಿಸುವುದು’ ಎಂಬ ಕ್ರಿಯಾರೂಪ ಇರುತ್ತದೆ. ಫಲಕದಲ್ಲಿದ್ದ ಪದ ಫ್ರೆಂಚಿನದು, ಅದರ ಹಿಂದಿದ್ದ ಆಲೋಚನೆ ಇಂಗ್ಲಿಷಿನದು.

ಫಲಕ ಬರೆದವರಿಗೆ ಫ್ರೆಂಚ್ ಬರುತ್ತಿರಲಿಲ್ಲವೆಂದು ಇದರ ಅರ್ಥವಲ್ಲ. ತೊಡಕು ಇದ್ದದ್ದು ಕಠಿಣ ಪದದಲ್ಲಿ ಅಲ್ಲ, ಸುಲಭವೆಂದು ತೋರುವ ಪದದಲ್ಲಿ. ಪಾರಿಭಾಷಿಕ ಪದಕ್ಕೆ ನಿಘಂಟು ನೆರವಾಗುತ್ತದೆ. ‘ಗೆಟ್’, ‘ಪುಟ್’, ‘ಅಪ್’, ‘ಔಟ್’ ಮುಂತಾದ ನಿತ್ಯದ ಪದಗಳ ಮುಂದೆ ನಿಘಂಟು ಪುಟಗಟ್ಟಲೆ ಅರ್ಥ ನೀಡಿ ಕೈಚೆಲ್ಲುತ್ತದೆ. ಇಂಥ ಕ್ರಿಯಾಪದಕ್ಕೆ ಕಿರುಪದವೊಂದು ಸೇರಿ ಆಗುವ ಫ್ರೇಸಲ್ ವರ್ಬ್ ಇಂಗ್ಲಿಷಿನ ಜೀವಾಳ. ಫ್ರೆಂಚಿನಲ್ಲಿ ಅದಕ್ಕೆ ಸಮನಾದ ರಚನೆಯೇ ಇಲ್ಲ.

ದಾರಿ ಮತ್ತು ರೀತಿ

‘ಹಿ ಸ್ವಾಮ್ ಅಕ್ರಾಸ್ ದ ರಿವರ್’ ಎಂಬ ವಾಕ್ಯದಲ್ಲಿ ಕ್ರಿಯಾಪದ ಹೇಳುವುದು ಚಲನೆಯ ರೀತಿಯನ್ನು, ಅಂದರೆ ಈಜುವಿಕೆಯನ್ನು. ಚಲನೆಯ ದಾರಿಯನ್ನು, ಅಂದರೆ ಆಚೆ ದಡ ಸೇರಿದ್ದನ್ನು, ಹೇಳುವ ಹೊಣೆ ‘ಅಕ್ರಾಸ್’ ಎಂಬ ಕಿರುಪದದ್ದು. ಫ್ರೆಂಚಿನಲ್ಲಿ ಈ ಹೊಣೆಗಾರಿಕೆ ಅದಲುಬದಲಾಗುತ್ತದೆ. ‘ತ್ರಾವೆರ್ಸೆ’ (ದಾಟು) ಎಂಬುದು ಮುಖ್ಯ ಕ್ರಿಯಾಪದವಾಗಿ, ‘ಆ ಲಾ ನಾಜ್’ (ಈಜಿನಿಂದ) ಎಂಬುದು ಕೊನೆಯಲ್ಲಿ ಬಂದು ಸೇರುತ್ತದೆ. ವಿನೆ ಮತ್ತು ದಾರ್ಬೆಲ್ನೆ ಅವರ ಪ್ರಸಿದ್ಧ ಉದಾಹರಣೆ 1909ರಲ್ಲಿ ವಿಮಾನದಲ್ಲಿ ಇಂಗ್ಲಿಷ್ ಕಾಲುವೆಯನ್ನು ದಾಟಿದ ಬ್ಲೆರಿಯೊನದು: ಇಂಗ್ಲಿಷಿನಲ್ಲಿ ಆತ ‘ಆಚೆಗೆ ಹಾರಿದ’, ಫ್ರೆಂಚಿನಲ್ಲಿ ‘ವಿಮಾನದಲ್ಲಿ ದಾಟಿದ’. ಈ ಅದಲುಬದಲನ್ನು ಫ್ರೆಂಚ್ ಅನುವಾದಕರು ‘ಶಾಸೆ-ಕ್ರ್ವಾಸೆ’ ಎನ್ನುತ್ತಾರೆ. ಅದು ಮೂಲತಃ ಜೋಡಿಗಳು ಜಾಗ ಬದಲಿಸಿಕೊಳ್ಳುವ ಒಂದು ನೃತ್ಯದ ಹೆಜ್ಜೆಯ ಹೆಸರು. ಮುಂದೆ ಅಮೆರಿಕದ ಭಾಷಾವಿಜ್ಞಾನಿ ಲಿಯೊನಾರ್ಡ್ ಟಾಲ್ಮಿ ಇದನ್ನು ಭಾಷೆಗಳ ವರ್ಗೀಕರಣದ ಒಂದು ತತ್ತ್ವವಾಗಿಯೇ ಬೆಳೆಸಿದರು: ದಾರಿಯನ್ನು ಕ್ರಿಯಾಪದದಲ್ಲೇ ಹಿಡಿದಿಡುವ ಭಾಷೆಗಳು ಒಂದು ಬಗೆ, ಕ್ರಿಯಾಪದದ ಹೊರಗೆ ಇಡುವ ಭಾಷೆಗಳು ಇನ್ನೊಂದು ಬಗೆ.

ಕನ್ನಡ ಬಲ್ಲವರಿಗೆ ಈ ಅದಲುಬದಲು ವಿಚಿತ್ರವೆನಿಸುವುದಿಲ್ಲ. ‘ನದಿಯನ್ನು ಈಜಿ ದಾಟಿದ’, ‘ಕುಂಟುತ್ತ ಮೆಟ್ಟಿಲೇರಿದ’, ‘ಒದ್ದು ಬಾಗಿಲು ತೆರೆದ’ ಎಂಬ ವಾಕ್ಯಗಳಲ್ಲಿ ದಾರಿ ಅಥವಾ ಫಲಿತಾಂಶ ಮುಖ್ಯ ಕ್ರಿಯಾಪದದಲ್ಲಿದೆ, ರೀತಿ ಕೃದಂತಾವ್ಯಯದಲ್ಲಿದೆ. ಫ್ರೆಂಚ್ ‘ಮೋಂತೆ’ (ಏರು) ಎಂದು ಹೇಳಿ ‘ಆಂ ಬ್ವಾತಾಂ’ (ಕುಂಟುತ್ತ) ಎಂದು ಸೇರಿಸುವ ಕ್ರಮವೂ ಇದೇ. ಆದರೂ ಕನ್ನಡ ಎಲ್ಲೆಡೆ ಫ್ರೆಂಚಿನ ಜೊತೆಗಾರನಲ್ಲ. ‘ಕೋಣೆಯೊಳಗೆ ಓಡಿದ’ ಎಂದರೆ ಹೊಸ್ತಿಲು ದಾಟಿದ್ದು ಕನ್ನಡದಲ್ಲಿ ಸ್ಪಷ್ಟ. ಫ್ರೆಂಚಿನಲ್ಲಿ ‘ಕೂರೀರ್’ (ಓಡು) ಎಂಬುದಕ್ಕೆ ‘ಒಳಗೆ’ ಎಂಬರ್ಥದ ‘ದಾಂ’ ಸೇರಿಸಿದರೆ ಸಾಮಾನ್ಯವಾಗಿ ಹೊಳೆಯುವುದು ಕೋಣೆಯಲ್ಲೇ ಓಡಾಡಿದ ಅರ್ಥ. ಹೊಸ್ತಿಲು ದಾಟಿಸಬೇಕಾದರೆ ‘ಆಂತ್ರೆ’ (ಪ್ರವೇಶಿಸು) ಎಂದೇ ಹೇಳಿ, ಓಟವನ್ನು ಪ್ರತ್ಯೇಕವಾಗಿ ಹೇಳಬೇಕು.

ಅನುವಾದಕರ ಮುಂದಿನ ಪ್ರಶ್ನೆ, ರೀತಿಯನ್ನು ಹೇಳಲೇಬೇಕೆ ಎಂಬುದು. ‘ಹಿ ವಾಕ್ಡ್ ಇನ್’ ಎಂಬಲ್ಲಿ ನಡೆದದ್ದು ಸಹಜ. ಫ್ರೆಂಚಿನಲ್ಲಿ ‘ಪ್ರವೇಶಿಸಿದ’ ಎಂದರೆ ಸಾಕು. ‘ನಡೆಯುತ್ತ ಪ್ರವೇಶಿಸಿದ’ ಎಂದು ಬರೆದರೆ ನಡಿಗೆಗೆ ಇಲ್ಲದ ಮಹತ್ತ್ವ ಬಂದು, ಓದುಗ ಅದರ ಕಾರಣ ಹುಡುಕತೊಡಗುತ್ತಾನೆ. ‘ತುದಿಗಾಲಲ್ಲಿ ಹೊರಬಂದಳು’ ಎಂಬಲ್ಲಿ ತುದಿಗಾಲನ್ನು ಬಿಟ್ಟರೆ ಕತೆಯೇ ಕೆಡುತ್ತದೆ. ಟೋಲ್ಕಿನ್ ಅವರ ‘ದ ಹಾಬಿಟ್’ ಕೃತಿಯ ಒಂದು ಅಧ್ಯಾಯದ ಹಲವು ಅನುವಾದಗಳನ್ನು ಹೋಲಿಸಿದ ಡ್ಯಾನ್ ಸ್ಲೋಬಿನ್, ಫ್ರೆಂಚಿನಂಥ ಭಾಷೆಗಳಿಗೆ ಬರುವಾಗ ಚಲನೆಯ ರೀತಿಯ ವಿವರಗಳು ಗಣನೀಯವಾಗಿ ಕಳಚಿಕೊಳ್ಳುವುದನ್ನು ತೋರಿಸಿದ್ದಾರೆ. ಇದನ್ನು ಅನುವಾದಕರ ಸೋಮಾರಿತನವೆಂದು ತಿಳಿಯಬೇಕಾಗಿಲ್ಲ. ಇಂಗ್ಲಿಷ್ ಒಂದೇ ಪದದಲ್ಲಿ ಪುಕ್ಕಟೆಯಾಗಿ ಕೊಡುವುದಕ್ಕೆ ಫ್ರೆಂಚ್ ಪ್ರತಿ ಬಾರಿಯೂ ಒಂದು ಪದಗುಚ್ಛದ ಬೆಲೆ ತೆರಬೇಕು. ಆ ಬೆಲೆ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬ ವಿವೇಚನೆಯೇ ಇಲ್ಲಿ ಅನುವಾದಕರ ಕೆಲಸ.

‘ಅಪ್’ ಎಂದರೆ ಮೇಲಲ್ಲ

ಚಲನೆಯನ್ನು ಬಿಟ್ಟು ಬಂದಾಗ ಕಿರುಪದದ ನಿಜವಾದ ಭಾರ ತಿಳಿಯುತ್ತದೆ. ‘ಈಟ್ ಅಪ್’, ‘ಡ್ರೈ ಅಪ್’, ‘ಕಟ್ ಅಪ್’, ‘ಲಾಕ್ ಅಪ್’ ಎಂಬಲ್ಲಿ ಯಾವುದೂ ಮೇಲಕ್ಕೆ ಹೋಗುವುದಿಲ್ಲ. ಇಲ್ಲಿ ‘ಅಪ್’ ಸೂಚಿಸುವುದು ಕ್ರಿಯೆಯ ಪೂರ್ಣತೆಯನ್ನು. ಫ್ರೆಂಚ್ ಇದನ್ನು ಒಂದೇ ಸಾಧನದಿಂದ ಹೇಳಲಾರದು. ಊಟದ ವಿಷಯದಲ್ಲಿ ‘ಫಿನೀರ್’ (ಮುಗಿಸು), ಒರತೆಯ ವಿಷಯದಲ್ಲಿ ‘ಸ ತಾರೀರ್’ (ಬತ್ತು), ಕತ್ತರಿಸುವಲ್ಲಿ ‘ತುಂಡುಗಳಾಗಿ’ ಎಂಬ ಪದಗುಚ್ಛ, ಕೂಡಿಹಾಕುವಲ್ಲಿ ‘ಆಂಫೆರ್ಮೆ’ ಎಂಬ ಬೇರೆಯೇ ಕ್ರಿಯಾಪದ, ಹೀಗೆ ಸಂದರ್ಭಕ್ಕೊಂದು ದಾರಿ ಹುಡುಕಬೇಕು.

ಕನ್ನಡದಲ್ಲಿ ಈ ಕೆಲಸವನ್ನು ಸಹಾಯಕ ಕ್ರಿಯಾಪದಗಳು ಮಾಡುತ್ತವೆ: ‘ತಿಂದುಬಿಡು’, ‘ಬತ್ತಿಹೋಗು’, ‘ಕೂಡಿಹಾಕು’. ಇಲ್ಲಿ ‘ಹೋಗು’ ಎಲ್ಲಿಗೂ ಹೋಗುವುದಿಲ್ಲ, ‘ಹಾಕು’ ಏನನ್ನೂ ಹಾಕುವುದಿಲ್ಲ. ಅವು ಪೂರ್ಣತೆಯ ಗುರುತುಗಳು. ಇಂಗ್ಲಿಷಿನ ಕಿರುಪದವನ್ನು ಅದರ ಮೂಲಾರ್ಥದಿಂದ ಬಿಡಿಸಿಕೊಂಡು ನೋಡಲು ಕನ್ನಡದ ಈ ಅರಿವು ಒಳ್ಳೆಯ ತರಬೇತಿ. ‘ಬತ್ತಿಹೋಯಿತು’ ಎಂಬುದನ್ನು ‘ಬತ್ತಿ ಎಲ್ಲಿಗೋ ತೆರಳಿತು’ ಎಂದು ಯಾರೂ ಅನುವಾದಿಸರು. ‘ಅಪ್’ ಎಂಬುದಕ್ಕೂ ಅದೇ ನ್ಯಾಯ.

ಎರಡು ಅಂತಸ್ತಿನ ಪದಕೋಶ

ಶಾಲೆಯ ಪಾಠಗಳಲ್ಲಿ ಫ್ರೇಸಲ್ ವರ್ಬ್‌ಗೆ ಒಂದು ಲ್ಯಾಟಿನ್ ಮೂಲದ ಪರ್ಯಾಯ ಕೊಡುವ ರೂಢಿಯಿದೆ: ‘ಪುಟ್ ಔಟ್’ ಎಂದರೆ ‘ಎಕ್ಸ್‌ಟಿಂಗ್ವಿಶ್’, ‘ಗಿವ್ ಅಪ್’ ಎಂದರೆ ‘ರಿನೌನ್ಸ್’. 1066ರ ನಾರ್ಮನ್ ವಿಜಯದ ನಂತರ ಇಂಗ್ಲಿಷಿನಲ್ಲಿ ಬೆಳೆದ ಎರಡು ಅಂತಸ್ತುಗಳು ಇಲ್ಲಿ ಕಾಣುತ್ತವೆ: ಕೆಳಗೆ ಮನೆಮಾತಿನ ಜರ್ಮಾನಿಕ್ ಪದಗಳು, ಮೇಲೆ ಫ್ರೆಂಚ್ ಮತ್ತು ಲ್ಯಾಟಿನ್ನಿನಿಂದ ಬಂದ ಗಂಭೀರ ಪದಗಳು. ಫ್ರೆಂಚಿಗೆ ಅನುವಾದಿಸುವಾಗ ಈ ಎರಡೂ ಅನೇಕ ಸಲ ಒಂದೇ ಪದದಲ್ಲಿ ಬಂದು ನಿಲ್ಲುತ್ತವೆ. ದೀಪವಾಗಲಿ ಬೆಂಕಿಯಾಗಲಿ, ಮಗುವಿನ ಬಾಯಲ್ಲಾಗಲಿ ಕಚೇರಿಯ ಸುತ್ತೋಲೆಯಲ್ಲಾಗಲಿ, ಆರಿಸುವುದಕ್ಕೆ ‘ಎತಾಂದ್ರ್’ ಎಂಬ ಒಂದೇ ಪದ. ‘ಪುಟ್ ಅಪ್ ವಿತ್’ ಎಂಬುದಕ್ಕೆ ‘ಸ್ಯುಪೋರ್ತೆ’ (ಸಹಿಸು) ನಿತ್ಯದ ಮಾತೇ. ಇಂಗ್ಲಿಷಿನ ‘ಸಪೋರ್ಟ್’ ಎಂಬುದರ ಹೋಲಿಕೆಯಿಂದ ಮೋಸಹೋಗಬಾರದಷ್ಟೇ.

ಆದರೆ ‘ಗಿವ್ ಅಪ್’ ಎಂಬಲ್ಲೆಲ್ಲ ‘ರನೋಂಸೆ’ ಬರೆಯುವುದು ತಪ್ಪು. ಸಿಗರೇಟು ಬಿಟ್ಟವನು ಫ್ರೆಂಚಿನಲ್ಲಿ ಸೇದುವುದನ್ನು ‘ನಿಲ್ಲಿಸಿದ’. ಬೇಸತ್ತು ಕೈಬಿಟ್ಟವನು ‘ಲೆಸೆ ತೋಂಬೆ’, ಅಂದರೆ ಬೀಳಲು ಬಿಟ್ಟ. ಒಗಟಿಗೆ ಸೋತವನು ತನ್ನ ನಾಲಗೆಯನ್ನು ಬೆಕ್ಕಿಗೆ ಕೊಡುತ್ತಾನೆ. ಈ ವಿಷಯದಲ್ಲಿ ಕನ್ನಡ ಇಂಗ್ಲಿಷಿನ ಕಡೆಗಿದೆ: ‘ಬಿಡು’ ಮತ್ತು ‘ತ್ಯಜಿಸು’, ‘ತಾಳಿಕೊ’ ಮತ್ತು ‘ಸಹಿಸು’ ಎಂಬ ಜೋಡಿಗಳಲ್ಲಿ ದೇಸಿ ಮತ್ತು ಸಂಸ್ಕೃತದ ಎರಡು ಅಂತಸ್ತುಗಳಿವೆ. ಪಾತ್ರವೊಂದು ‘ಗಿವ್ ಅಪ್’ ಎಂದಾಗ ‘ತ್ಯಜಿಸುತ್ತೇನೆ’ ಎನಿಸಿದರೆ ಕನ್ನಡದಲ್ಲಿ ಆಗುವ ಅಭಾಸವನ್ನು ನೆನೆದರೆ ಫ್ರೆಂಚ್ ಅನುವಾದಕರ ಆತಂಕ ಅರ್ಥವಾದೀತು.

ನಿತ್ಯದ ಪದಗಳ ಹಂಚಿಕೆ

ಫ್ರೇಸಲ್ ವರ್ಬ್ ಅಲ್ಲದ ಸಾಮಾನ್ಯ ಪದಗಳೂ ಒಂದಕ್ಕೊಂದು ಹೊಂದುವುದಿಲ್ಲ. ‘ಶ್ಯಾಲೋ’ ಎಂಬುದಕ್ಕೆ ಫ್ರೆಂಚಿನಲ್ಲಿ ‘ಕಡಿಮೆ ಆಳದ’ ಎನ್ನಬೇಕು. ‘ಸ್ಟ್ಯಾಂಡ್’ ಎಂಬುದಕ್ಕೆ ಸರಳ ಕ್ರಿಯಾಪದವಿಲ್ಲ. ‘ದಬೂ’ (ಎದ್ದುನಿಂತ ಸ್ಥಿತಿಯಲ್ಲಿ) ಎಂಬ ಪದದ ಸಹಾಯ ಬೇಕು. ‘ಕಿಕ್’ ಎಂಬುದು ‘ಕೂ ದ ಪ್ಯೆ’, ಅಂದರೆ ಕಾಲಿನ ಹೊಡೆತ ಕೊಡುವುದು. ಈ ‘ಕೂ’ (ಹೊಡೆತ) ಎಂಬ ಪದ ಮಾತ್ರ ಫ್ರೆಂಚಿನ ಹೆಮ್ಮೆ: ಕಣ್ಣಿನ ‘ಕೂ’ ಎಂದರೆ ಒಂದು ನೋಟ, ಕೈಯ ‘ಕೂ’ ಎಂದರೆ ಸಹಾಯ, ದಾರದ ‘ಕೂ’ ಎಂದರೆ ದೂರವಾಣಿ ಕರೆ.

ಎದುರು ದಿಕ್ಕಿನಲ್ಲಿ, ಇಂಗ್ಲಿಷಿನ ಒಂದು ಪದ ಫ್ರೆಂಚಿನಲ್ಲಿ ಒಡೆಯುತ್ತದೆ. ‘ಬ್ರಿಂಗ್’ ಎಂಬುದು ವಸ್ತುವಾದರೆ ‘ಅಪೋರ್ತೆ’, ವ್ಯಕ್ತಿಯಾದರೆ ‘ಅಮ್ನೆ’. ‘ಟೇಕ್ ಅವೇ’ ಎಂಬುದು ವಸ್ತುವಾದರೆ ‘ಆಂಪೋರ್ತೆ’, ವ್ಯಕ್ತಿಯಾದರೆ ‘ಆಂಮ್ನೆ’. ಇಂಗ್ಲಿಷ್ ಮಾತೃಭಾಷೆಯ ವಿದ್ಯಾರ್ಥಿಗಳು ಇಲ್ಲಿ ಎಡವುತ್ತಾರೆ. ಕನ್ನಡಿಗರಿಗೆ ಈ ನಾಲ್ಕೂ ಪದಗಳು ಮನೆಯಲ್ಲೇ ಇವೆ: ತರು, ಕರೆತರು, ಒಯ್ಯು, ಕರೆದೊಯ್ಯು. ಇಂಗ್ಲಿಷಿನ ಮೂಲಕ ಫ್ರೆಂಚ್ ಕಲಿಯುವ ಕನ್ನಡಿಗ ತನಗೆ ಗೊತ್ತಿರುವುದನ್ನೇ ಸುತ್ತುದಾರಿಯಲ್ಲಿ ಮತ್ತೆ ಕಲಿಯುತ್ತಾನೆ.

ಅನುವಾದದ ಭಾಷೆ ಮತ್ತು ಆಡುಭಾಷೆ

ಮೇಲಿನ ತೊಡಕುಗಳು ಫ್ರಾನ್ಸಿನಲ್ಲಿ ಶೈಲಿಯ ಪ್ರಶ್ನೆಗಳು. ಕೆನಡಾದಲ್ಲಿ ಅವು ಭಾಷೆಯ ಅಳಿವು ಉಳಿವಿನ ಪ್ರಶ್ನೆಗಳಾದವು. ಅಲ್ಲಿನ ಒಕ್ಕೂಟ ಸರಕಾರ 1934ರಲ್ಲಿ ಅನುವಾದ ವಿಭಾಗವನ್ನು ಸ್ಥಾಪಿಸಿತು. 1969ರ ಅಧಿಕೃತ ಭಾಷಾ ಕಾಯಿದೆ ಎರಡೂ ಭಾಷೆಗಳಿಗೆ ಸಮಾನ ಸ್ಥಾನ ನೀಡಿತು. ಆದರೆ ಆಡಳಿತದ ಬರಹ ಬಹುಪಾಲು ಇಂಗ್ಲಿಷಿನಲ್ಲಿ ಹುಟ್ಟಿ ಫ್ರೆಂಚಿಗೆ ಬರುತ್ತಿದ್ದುದರಿಂದ, ಫ್ರೆಂಚ್ ಭಾಷಿಕರು ದಿನವೂ ಓದುತ್ತಿದ್ದುದು ಅನುವಾದದ ಫ್ರೆಂಚನ್ನು. ಇಂಗ್ಲಿಷಿನ ಒತ್ತಡ ಆಡುಮಾತಿನಲ್ಲೂ ಮೂಡಿತು. ಕ್ವಿಬೆಕ್ಕಿನಲ್ಲಿ ಕೇಳುವ ‘ಪ್ರಾಂದ್ರ್ ಯುನ್ ಮಾರ್ಶ್’ ಎಂಬುದು ‘ಟೇಕ್ ಎ ವಾಕ್’ ಎಂಬುದರ ಪಡಿಯಚ್ಚು. ಫ್ರಾನ್ಸಿನಲ್ಲಿ ವಿಹಾರವನ್ನು ‘ತೆಗೆದುಕೊಳ್ಳುವುದಿಲ್ಲ’, ‘ಮಾಡುತ್ತಾರೆ’.

ಅಲ್ಪಸಂಖ್ಯಾತ ಅಕಾಡಿಯನ್ ಫ್ರೆಂಚಿನಲ್ಲಿ ಬದಲಾವಣೆ ಇನ್ನೂ ಆಳವಾದುದು. ಪ್ರಿನ್ಸ್ ಎಡ್ವರ್ಡ್ ದ್ವೀಪದ ಫ್ರೆಂಚನ್ನು ಅಧ್ಯಯನ ಮಾಡಿದ ರೂತ್ ಕಿಂಗ್, ‘ಬ್ಯಾಕ್’ ಎಂಬ ಕಿರುಪದ ಅಲ್ಲಿ ಫ್ರೆಂಚ್ ಕ್ರಿಯಾಪದಗಳೊಡನೆ ನೆಲೆಯೂರಿರುವುದನ್ನೂ, ವಿಭಕ್ತಿಯ ಕೆಲಸ ಮಾಡುವ ಪದ ಇಂಗ್ಲಿಷಿನಂತೆ ವಾಕ್ಯದ ಕೊನೆಯಲ್ಲಿ ಒಂಟಿಯಾಗಿ ನಿಲ್ಲುವುದನ್ನೂ ವಿವರಿಸಿದ್ದಾರೆ. ಅವರ ವಾದದ ತಿರುಳೆಂದರೆ, ವ್ಯಾಕರಣ ನೇರವಾಗಿ ಗಡಿ ದಾಟುವುದಿಲ್ಲ. ಪದಗಳು ದಾಟುತ್ತವೆ, ಅವುಗಳ ಬೆನ್ನಿಗೆ ರಚನೆ ಬರುತ್ತದೆ.

ಇದನ್ನೆಲ್ಲ ಕೇವಲ ಕಲಬೆರಕೆಯ ಕತೆಯೆಂದು ಓದುವುದೂ ಸರಿಯಲ್ಲ. ನಿಲುಗಡೆಯ ಫಲಕದಲ್ಲಿ ಫ್ರಾನ್ಸ್ ‘ಸ್ಟಾಪ್’ ಎಂದು ಬರೆಯುತ್ತದೆ, ಕ್ವಿಬೆಕ್ ‘ಅರೆ’ ಎಂಬ ಫ್ರೆಂಚ್ ಪದವನ್ನು ಬರೆಯುತ್ತದೆ. ಫ್ರಾನ್ಸಿಗೆ ‘ವೀಕೆಂಡ್’ ಸಾಕು, ಕ್ವಿಬೆಕ್ಕಿಗೆ ‘ಫಾಂ ದ ಸ್ಮೆನ್’ (ವಾರದ ಕೊನೆ) ಬೇಕು. ಎರವಲು ಪದ ಎದ್ದು ಕಾಣುತ್ತದೆ, ಆದ್ದರಿಂದ ಅದನ್ನು ತಡೆಯಬಹುದು. ಎರವಲು ರಚನೆ ಸ್ವಂತ ಪದಗಳ ಉಡುಪಿನಲ್ಲಿ ಬರುವುದರಿಂದ ಕಾವಲುಗಾರರಿಗೂ ಗೊತ್ತಾಗುವುದಿಲ್ಲ. ಆಡುವವರ ನಾಲಗೆಯಲ್ಲಿ ಬೆಳೆದ ಬೆರಕೆ ಒಂದು ಸಮುದಾಯದ ಬದುಕಿನ ಭಾಗ; ಆದರೆ ಯಾರ ನಾಲಗೆಯಲ್ಲೂ ಇಲ್ಲದೆ ಕಾಗದದ ಮೇಲೆ ಮಾತ್ರ ಹುಟ್ಟಿದ ವಾಕ್ಯ ಯಾರ ಭಾಷೆಯೂ ಅಲ್ಲ.

ಗಡಿಯಾಚೆಯ ಕನ್ನಡಿಗರನ್ನು ತಲುಪುವ ಆಡಳಿತದ ಕನ್ನಡವೂ ಬಹುಮಟ್ಟಿಗೆ ಅನುವಾದದ ಕನ್ನಡವೇ ಆಗಿರುವುದರಿಂದ ಈ ಅನುಭವ ಪರಕೀಯವಲ್ಲ. ವಿನೆ ಮತ್ತು ದಾರ್ಬೆಲ್ನೆ ಸೂಚಿಸಿದ ಪರೀಕ್ಷೆ ಸರಳವಾದುದು: ಮೂಲವನ್ನು ಮತ್ತೆ ಮತ್ತೆ ನೋಡುವುದರ ಬದಲು, ಅದೇ ಸಂದರ್ಭದಲ್ಲಿ ಆ ಭಾಷೆಯಲ್ಲೇ ಹುಟ್ಟಿದ ಬರಹವನ್ನು ಹುಡುಕಿ ಪಕ್ಕದಲ್ಲಿಟ್ಟು ನೋಡುವುದು. ಮಾಂಟ್ರಿಯಲ್ ಹೆದ್ದಾರಿಯ ಫಲಕವನ್ನು ಫ್ರಾನ್ಸಿನ ಫಲಕದ ಪಕ್ಕದಲ್ಲಿಟ್ಟಾಗಲೇ ‘ಲಾಂತ್‌ಮಾಂ’ ಎಂಬುದರ ಒಳಗಿದ್ದ ‘ಸ್ಲೋ’ ಕಂಡದ್ದು. ಹಾಗೆ ಪಕ್ಕದಲ್ಲಿಡಲು ಸ್ವತಂತ್ರ ಬರಹವೇ ಉಳಿಯದಿದ್ದರೆ ಆ ಪರೀಕ್ಷೆಯೂ ಸಾಧ್ಯವಾಗದು. ಆದ್ದರಿಂದ ಅಲ್ಪಸಂಖ್ಯಾತ ಭಾಷೆಗೆ ಒಳ್ಳೆಯ ಅನುವಾದಕರು ಎಷ್ಟು ಅಗತ್ಯವೋ, ಅನುವಾದವಲ್ಲದ ಬರವಣಿಗೆಯೂ ಅಷ್ಟೇ ಅಗತ್ಯ.