‘ಮ್ಯಾಜಿಸ್ಟೀರಿಯಲ್’ ಎಂಬ ಮಾತು

ಇಂಗ್ಲಿಷ್ ವಿಮರ್ಶಕರು ಒಂದು ಗ್ರಂಥವನ್ನು ‘ಮ್ಯಾಜಿಸ್ಟೀರಿಯಲ್’ ಎಂದರೆ ಅದು ದೊಡ್ಡ ಹೊಗಳಿಕೆ. ಒಬ್ಬನ ಮಾತಿನ ಧಾಟಿಯನ್ನು ಹಾಗೆಂದರೆ ಬಹುಮಟ್ಟಿಗೆ ನಿಂದೆ. ನಮ್ಮ ವಿದ್ಯಾರ್ಥಿಗಳು ಎರಡಕ್ಕೂ ‘ಅಧಿಕಾರಯುತ’ ಎಂದು ಬರೆದು ಮುಂದೆ ಸಾಗುತ್ತಾರೆ. ಹೊಗಳಿದವನೂ ತೆಗಳಿದವನೂ ಒಂದೇ ಮಾತನ್ನಾಡಿದಂತಾಗುತ್ತದೆ.

ಶಬ್ದದ ಬೇರು ಲ್ಯಾಟಿನ್ನಿನ ‘ಮಾಗಿಸ್ಟರ್’. ‘ಹೆಚ್ಚು’ ಎಂಬರ್ಥದ ‘ಮಾಗಿಸ್’ನಿಂದ ಹುಟ್ಟಿದ ಇದಕ್ಕೆ ಒಡೆಯ, ಗುರು ಎಂಬೆರಡು ಅರ್ಥ. (‘ಕಡಿಮೆ’ ಎಂಬರ್ಥದ ‘ಮಿನುಸ್’ನಿಂದ ಬಂದುದು ‘ಮಿನಿಸ್ಟರ್’; ಮೂಲಾರ್ಥ ಸೇವಕ. ಮಂತ್ರಿಗಳು ಇದನ್ನು ಮರೆತಿದ್ದರೆ ತಪ್ಪು ಲ್ಯಾಟಿನ್ನಿನದಲ್ಲ.) ಈ ಬೇರು ಮುಂಡರಗಿಯವರಿಗೂ ಪರಕೀಯವಲ್ಲ. ಶಾಲೆಯ ಮಾಸ್ತರ, ಪೋರ್ತುಗೀಜರ ಮೂಲಕ ಬಂದ ಗೋಡೆ ಕಟ್ಟುವ ಮೇಸ್ತ್ರಿ, ನ್ಯಾಯಾಲಯದ ಮ್ಯಾಜಿಸ್ಟ್ರೇಟ್ ಮೂವರೂ ಇದೇ ಮನೆತನದವರು. ಮೊದಲಿನಿಬ್ಬರ ಮಾತು ನಡೆಯುವುದು ಅವರಿಗೆ ಕೆಲಸ ಗೊತ್ತಿರುವುದರಿಂದ. ಮೂರನೆಯವರದು, ಬೆನ್ನ ಹಿಂದೆ ದಂಡವಿರುವುದರಿಂದ. ‘ದಂಡಾಧಿಕಾರಿ’ ಎಂಬ ಕನ್ನಡ ಹೆಸರು ಇದನ್ನು ಮುಚ್ಚಿಡುವುದಿಲ್ಲ.

ದಂಡದ ಅಧಿಕಾರವನ್ನು ಈ ನೆಲ ಚೆನ್ನಾಗಿ ಬಲ್ಲದು. 1857ರಲ್ಲಿ ಕಂಪನಿ ಸರಕಾರ ಜನರ ಆಯುಧಗಳನ್ನು ಕಿತ್ತುಕೊಳ್ಳಹೊರಟಿತು. ‘ಒಪ್ಪಿಸಿರಿ’ ಎಂಬುದಷ್ಟೇ ಅಪ್ಪಣೆ, ‘ಏಕೆ?’ ಎಂಬ ಪ್ರಶ್ನೆಗೆ ಎಡೆಯಿಲ್ಲ. ಹಲಗಲಿಯ ಬೇಡರು ಒಪ್ಪಲಿಲ್ಲ. ಮುಂಡರಗಿಯ ಭೀಮರಾಯನೂ ದಂಗೆಯೆದ್ದು, 1858ರಲ್ಲಿ ಕೊಪ್ಪಳದ ಕೋಟೆಯಲ್ಲಿ ಕಾದಿ ಮಡಿದನು. ಅಂಥ ಅಪ್ಪಣೆಯ ದನಿಯನ್ನು ಹೇಳಲು ನಮಗೆ ಶಬ್ದಗಳ ಬಡತನವಿಲ್ಲ: ದರ್ಪ, ದೌಲತ್ತು, ಹುಕುಮತ್ತು, ದಬ್ಬಾಳಿಕೆ. ‘ನಿನ್ನ ಹುಕುಮತ್ತು ಇಲ್ಲಿ ನಡಿಯಾಂಗಿಲ್ಲ’ ಎಂಬ ನಮ್ಮ ಕಡೆಯ ಮಾತಿನಲ್ಲಿ ಉತ್ತರವೂ ಸೇರಿಕೊಂಡಿದೆ.

ತೊಡಕಿರುವುದು ಇನ್ನೊಂದು ಅರ್ಥದಲ್ಲಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಅದನ್ನು ಒಪ್ಪಿರೆಂದು ಯಾರೂ ಅಪ್ಪಣೆ ಮಾಡಲಿಲ್ಲ. ಆದರೂ ಶಬ್ದದ ವಿಷಯದಲ್ಲಿ ತಕರಾರೆದ್ದರೆ ವಿದ್ವಾಂಸರ ಕೈ ಇಂದಿಗೂ ಮೊದಲು ಅತ್ತ ಹೋಗುತ್ತದೆ. ಅದನ್ನು ತಿದ್ದುವವರೂ ಅದನ್ನು ತೆರೆದೇ ತಿದ್ದಬೇಕು. ಈ ಅಧಿಕಾರಕ್ಕೆ ಹೆಸರೇನು?

ಹಿಂದೆ ‘ಅಧಿಕಾರ’ವೆಂಬುದೇ ಸಾಕಾಗಿತ್ತು. ವೇದಾಂತಶಾಸ್ತ್ರದಲ್ಲಿ ‘ಅಧಿಕಾರಿ’ ಎಂದರೆ ವಿದ್ಯೆಗೆ ಅರ್ಹನಾದವನು. ಕುರ್ಚಿಯ ಮಾತು ಅಲ್ಲಿಲ್ಲ. ಕಚೇರಿ ಆ ಶಬ್ದವನ್ನು ನುಂಗಿತು. ಇಂದು ‘ಅಧಿಕಾರಯುತ ಗ್ರಂಥ’ವೆಂದರೆ ಸರಕಾರಿ ಮೊಹರಿನ ವಾಸನೆ ಬರುತ್ತದೆ. ಆದುದರಿಂದ ಕಿಟ್ಟೆಲ್ಲರದನ್ನು ‘ಆಚಾರ್ಯಕೃತಿ’ ಎನ್ನುವುದು ನನಗೆ ಮೆಚ್ಚು. ಮಾಗಿಸ್ಟರನ ಗುರುತ್ವವಾದರೂ ಅದರಲ್ಲಿ ಉಳಿಯುತ್ತದೆ. ಧಾಟಿಯ ನಿಂದೆಗೆ ‘ದರ್ಪದ’ ಎಂದರಾಯಿತು. ಇನ್ನು ಪತ್ರಿಕೆಗಳಲ್ಲಿ ಕಾಣುವ ‘ಮ್ಯಾಜಿಸ್ಟೀರಿಯಲ್ ತನಿಖೆ’ಯಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ, ಅದು ದಂಡಾಧಿಕಾರಿ ನಡೆಸುವ ತನಿಖೆ, ಅಷ್ಟೆ.